ಪೊಟರೆ ಇಲ್ಲದ ಕಾಡು: ಉತ್ತರ ಕನ್ನಡದ ಮರ ಕಡಿತದ ಇನ್ನೂರು ವರ್ಷ

ಮಂಗಟ್ಟೆ ಹಕ್ಕಿಗೆ ಗೇಣುದ್ದದ ಕೊಕ್ಕು ಇದೆ. ಆದರೆ ಆ ಕೊಕ್ಕಿನಿಂದ ಮರ ಕೊರೆಯಲು ಅದಕ್ಕೆ ಬರುವುದಿಲ್ಲ. ಗೂಡಿಗೆ ಅದು ತಯಾರಾಗಿರುವ ಪೊಟರೆಯನ್ನೇ ಹುಡುಕಬೇಕು. ಹಿಂದೆಂದೋ ಕೊಂಬೆ ಮುರಿದು, ಮಳೆನೀರು ಇಳಿದು, ಒಳಗೆ ಕೊಳೆತು ಆದ ಪೊಟರೆಯಾದರೂ ಆಗಬೇಕು, ಮರಕುಟಿಗ ಕೊರೆದು ಬಿಟ್ಟಿದ್ದು ಕಾಲಕ್ರಮದಲ್ಲಿ ದೊಡ್ಡದಾದರೂ ಆಗಬೇಕು. ಹೆಣ್ಣು ಹಕ್ಕಿ ಅದರೊಳಗೆ ಕುಳಿತು ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಅದು ಒಳಗಿರುವ ತಿಂಗಳುಗಟ್ಟಲೆ ಗಂಡು ಹಕ್ಕಿ ಆಲ, ಅತ್ತಿ, ಬಸರಿಯಂಥ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಒಂದು ಪೊಟರೆ ಚೆನ್ನಾಗಿದ್ದರೆ ವರ್ಷವರ್ಷವೂ ಅದಕ್ಕೇ ಬರುತ್ತದೆ.

ಇಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ಎಳೆ ಮರದಲ್ಲಿ ಇರುವುದಿಲ್ಲ. ಮರ ದಪ್ಪವಾಗಿರಬೇಕು, ಹಳೆಯದಾಗಿರಬೇಕು, ಒಳಗೆ ಸ್ವಲ್ಪ ಹಾಳೂ ಆಗಿರಬೇಕು. ನಾಟಾ ಲೆಕ್ಕದಲ್ಲಿ ಅದು ತೆಗೆದುಹಾಕಬೇಕಾದ ಮರ. ಹಕ್ಕಿಗೆ ಅದೇ ಮನೆ.

ಉತ್ತರ ಕನ್ನಡದ ಕಾಡಿನ ಇನ್ನೂರು ವರ್ಷದ ಕಥೆಯನ್ನು ಈ ಪೊಟರೆಯ ಕಡೆಯಿಂದ ನೋಡೋಣ ಎಂದು ನಾವು ಈ ಬರಹ ಬರೆಯುತ್ತಿದ್ದೇವೆ. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಶಿರಸಿ ಕಡೆ ಬಸ್ಸಿನಲ್ಲಿ ಹೋದರೆ ಎರಡೂ ಬದಿ ಹಸಿರೇ ಕಾಣುತ್ತದೆ. ಹಾಗಾದರೆ ಹೋಗಿದ್ದೇನು? ಎಷ್ಟು ಮರ ಹೋಯಿತು ಎಂದು ಎಣಿಸಿದರೆ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ. ಯಾವ ಮರವನ್ನು, ಯಾವ ರೀತಿಯಲ್ಲಿ ಕಡಿದರು, ಆಮೇಲೆ ಅಲ್ಲಿ ಏನು ನೆಟ್ಟರು ಎಂದು ಕೇಳಬೇಕು. ಒಂದೊಂದು ಕಾಲದ ಕಡಿತದ ಪದ್ಧತಿ ಒಂದೊಂದು ಜೀವಿಯ ಮನೆಯನ್ನು ತೆಗೆದಿದೆ.

ಹಡಗಿಗೆ ಹೋದ ಸಾಗವಾನಿ

ಮೊದಲು ಬಂದ ಬೇಡಿಕೆ ಹಡಗಿನದು. ಇಂಗ್ಲೆಂಡಿನ ನೌಕಾಪಡೆಗೆ ಓಕ್ ಮರ ಸಾಲದೆ ಬಂದಾಗ ಪಶ್ಚಿಮ ಕರಾವಳಿಯ ಸಾಗವಾನಿಯ ಮೇಲೆ ಕಣ್ಣು ಬಿತ್ತು. ಮುಂಬೈಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಈ ಮರದಿಂದ ಯುದ್ಧದ ಹಡಗುಗಳನ್ನು ಕಟ್ಟಿದರು. 1817ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ನಮ್ಮ ಕಡೆಯ ಸಾಗವಾನಿ ಎಷ್ಟು ಗಟ್ಟಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮರ ತಪ್ಪದೆ ಸಿಗಲಿ ಎಂದು ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಮಲಬಾರ್ ಕಡೆಯ ಕಾಡಿನ ‘ಕನ್ಸರ್ವೇಟರ್’ ಎಂದು ನೇಮಿಸಿತು. ಹೆಸರಿಗೆ ಸಂರಕ್ಷಕ. ಕಾಯಬೇಕಾಗಿದ್ದು ಮಾತ್ರ ಹಡಗಿನ ಮರವನ್ನು. ಜನರಿಂದಲೂ ಮರದ ವ್ಯಾಪಾರಿಗಳಿಂದಲೂ ವಿರೋಧ ಬಂದು, 1823ರಲ್ಲಿ ಥಾಮಸ್ ಮನ್ರೋ ಕಾಲದಲ್ಲಿ ಆ ಹುದ್ದೆಯೇ ರದ್ದಾಯಿತು.

ಆ ಕಾಲದ ಕಡಿತ ಒಂದೇ ಜಾತಿಯ ಮೇಲೆ, ಅದೂ ಹೆಚ್ಚಾಗಿ ಹೊಳೆಗೆ ಹತ್ತಿರದ ಕಾಡಿನಲ್ಲಿ ನಡೆಯುತ್ತಿತ್ತು. ರಸ್ತೆ ಇರಲಿಲ್ಲ. ದಿಮ್ಮಿಯನ್ನು ಎಳೆದು ತಂದು ಹೊಳೆಯಲ್ಲಿ ತೇಲಿಬಿಟ್ಟು ಕರಾವಳಿಗೆ ಮುಟ್ಟಿಸಬೇಕಿತ್ತು. ಹಾಗಾಗಿ ಒಳಕಾಡು ಬಹುಮಟ್ಟಿಗೆ ಇದ್ದ ಹಾಗೇ ಉಳಿಯಿತು. ಹೋಗಿದ್ದು ನೇರವಾಗಿ ಬೆಳೆದ ದೊಡ್ಡ ಸಾಗವಾನಿಗಳು. ಸೊಟ್ಟ ಮರ, ಪೊಟರೆಯ ಮರ ಹಡಗಿಗೆ ಬೇಡವಾಗಿದ್ದರಿಂದ ಬದುಕಿಕೊಂಡವು.

ರೈಲು ಬಂತು, ಲೆಕ್ಕ ಬಂತು

1853ರಲ್ಲಿ ಮುಂಬೈಯಿಂದ ಠಾಣೆಗೆ ರೈಲು ಓಡಿತು. ಅಲ್ಲಿಂದ ಮುಂದೆ ಕಾಡಿನ ಮೇಲಿನ ಒತ್ತಡವೇ ಬದಲಾಯಿತು. ಒಂದು ಮೈಲಿ ಹಳಿಗೆ ಹತ್ತಿರ ಹತ್ತಿರ 1,760ರಿಂದ 2,000 ಮರದ ಸ್ಲೀಪರ್ ಬೇಕು. ಅವು ಹಳಿಯ ಕೆಳಗೆ ಹತ್ತು ಹನ್ನೆರಡು ವರ್ಷ ಬಾಳಿದರೆ ಹೆಚ್ಚು, ಆಮೇಲೆ ಮತ್ತೆ ಹೊಸದು. ಅಂದರೆ ಇದು ಒಂದು ಸಲ ತೀರುವ ಬೇಡಿಕೆಯಲ್ಲ.

1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಇವತ್ತಿನ ಉತ್ತರ ಕನ್ನಡ ಅದೇ. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಮುಖ್ಯಸ್ಥರಾಗಿ ಅರಣ್ಯ ಇಲಾಖೆ ಶುರುವಾಯಿತು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಕಾಡಿಗೆ ಗಡಿಕಲ್ಲು ಬಿತ್ತು. ಕುಮರಿ ಬೇಸಾಯಕ್ಕೆ ನಿರ್ಬಂಧ ಬಂತು. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಉಳಿಯಿತಾದರೂ ಅದು ಹಕ್ಕೋ ಸವಲತ್ತೋ ಎಂಬ ಜಗಳ ಬಹುಕಾಲ ನಡೆಯಿತು.

ಇಲಾಖೆಯ ಜೊತೆ ಬಂದ ದೊಡ್ಡ ಸಂಗತಿ ‘ವರ್ಕಿಂಗ್ ಪ್ಲಾನ್’, ಅಂದರೆ ಕಾಡಿನ ಕಾರ್ಯಯೋಜನೆ. ಕಾಡನ್ನು ತುಂಡುತುಂಡಾಗಿ ಹಂಚುವುದು, ಯಾವ ವರ್ಷ ಯಾವ ಕೂಪಿನಲ್ಲಿ ಕಡಿಯಬೇಕು ಎಂದು ಮೊದಲೇ ಬರೆದಿಡುವುದು, ಇಂತಿಷ್ಟು ಸುತ್ತಳತೆ ದಾಟಿದ ಮರಕ್ಕೆ ಗುರುತು ಹಾಕುವುದು. ಬೇಕಾಬಿಟ್ಟಿ ಕಡಿತಕ್ಕೆ ಹೋಲಿಸಿದರೆ ಇದು ಶಿಸ್ತಿನ ಕೆಲಸವೇ. ಕಾಡು ಒಂದೇ ಸಲಕ್ಕೆ ಬರಿದಾಗದೆ, ಮುಂದಿನ ತಲೆಮಾರಿಗೂ ಮರ ಸಿಗಬೇಕು ಎಂಬ ಯೋಚನೆ ಅದರಲ್ಲಿತ್ತು. ಈಗ ಸಾಗವಾನಿಯ ಜೊತೆಗೆ ಮತ್ತಿ, ಹೊನ್ನೆ, ನಂದಿ ಮರಗಳಿಗೂ ಲೆಕ್ಕ ಬಂತು.

ಆದರೆ ಆ ಲೆಕ್ಕದಲ್ಲಿ ಒಂದು ತೊಡಕಿತ್ತು. ಮರ ಒಂದು ವಯಸ್ಸು ದಾಟಿದ ಮೇಲೆ ನಿಧಾನ ಬೆಳೆಯುತ್ತದೆ, ಒಳಗೆ ಟೊಳ್ಳಾಗುತ್ತದೆ. ನಾಟಾ ಬೇಕಾದವರ ದೃಷ್ಟಿಯಲ್ಲಿ ಅಂಥ ಮರ ಜಾಗ ತಿನ್ನುವ ಮುದುಕ. ಅದನ್ನು ತೆಗೆದರೆ ಕೆಳಗಿನ ಎಳೆ ಮರಕ್ಕೆ ಬಿಸಿಲು ಸಿಗುತ್ತದೆ. ಹಾಗೆಯೇ, ಒಳ್ಳೆ ಮರವನ್ನು ಸುತ್ತಿಕೊಳ್ಳುವ ಬಳ್ಳಿ ಕಡಿಯಬೇಕು, ನಾಟಾ ಮರದ ಮೇಲೆ ಹುಟ್ಟಿ ಅದನ್ನೇ ತಬ್ಬುವ ಆಲ, ಬಸರಿಗಳನ್ನು ಕೊಲ್ಲಬೇಕು. ಕಾಡು ‘ಸುಧಾರಣೆ’ ಎಂದು ಇದನ್ನೇ ಕರೆದರು.

ಕಾಡಿನ ಜೀವಿಗಳ ಕಡೆಯಿಂದ ನೋಡಿ. ಪೊಟರೆಯಲ್ಲಿ ಮಂಗಟ್ಟೆ ಒಂದೇ ಇರುವುದಿಲ್ಲ. ಹಾರುಬೆಕ್ಕು, ಗೂಬೆ, ಗಿಣಿ, ಪುನುಗು ಬೆಕ್ಕು, ತುಡುವೆ ಜೇನು, ಮಿಸರಿ ಎಲ್ಲಕ್ಕೂ ಅದೇ ಆಸರೆ. ಕೆಂದಳಿಲಿಗೆ ಬಳ್ಳಿ ದಾರಿ. ಬೇರೆ ಮರದಲ್ಲಿ ಹಣ್ಣಿಲ್ಲದ ಹೊತ್ತಿನಲ್ಲಿ ಯಾವುದಾದರೂ ಒಂದು ಆಲವೋ ಅತ್ತಿಯೋ ಹಣ್ಣು ಬಿಟ್ಟಿರುತ್ತದೆ, ಹಕ್ಕಿ, ಬಾವಲಿ, ಮಂಗ ಎಲ್ಲವೂ ಅದರ ಮೇಲೆ ಕಾಲ ಹಾಕುತ್ತವೆ. ‘ಕೆಲಸಕ್ಕೆ ಬಾರದ್ದು’ ಎಂದು ತೆಗೆದದ್ದೆಲ್ಲ ಕಾಡಿನೊಳಗೆ ಅತಿ ಹೆಚ್ಚು ಕೆಲಸಕ್ಕೆ ಬರುತ್ತಿತ್ತು.

ಕಾಡು ತೋಟವಾದ ಬಗೆ

1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ಮತ್ತು ಅವರ ಕೆಳಗಿದ್ದ ಚಾತು ಮೆನನ್ ನಿಲಂಬೂರಿನಲ್ಲಿ ಸಾಗವಾನಿ ಬೀಜದಿಂದ ಸಸಿ ಮಾಡಿ ನೆಟ್ಟು ಬೆಳೆಸಿದರು. ನಮ್ಮ ದೇಶದ ಸಾಗವಾನಿ ನೆಡುತೋಪುಗಳ ಕಥೆ ಅಲ್ಲಿಂದ ಶುರು. ಮುಂದೆ ಈ ಪದ್ಧತಿ ಕೆನರಾ, ಕೊಡಗು, ಮೈಸೂರು ಕಡೆಗೂ ಬಂತು. ಕ್ರಮ ಸರಳ. ಇರುವ ಮಿಶ್ರ ಕಾಡನ್ನು ಪೂರ್ತಿ ಕಡಿದು, ಉಳಿದ ಕಸವನ್ನು ಸುಟ್ಟು, ಸಾಲಾಗಿ ಸಾಗವಾನಿ ನೆಡುವುದು. ಕೆಲವು ಕಡೆ ಕಾಡಿನ ಜನರನ್ನೇ ಕೆಲಸಕ್ಕೆ ಹಚ್ಚಿ, ಮೊದಲ ಒಂದೆರಡು ವರ್ಷ ಸಾಲಿನ ನಡುವೆ ರಾಗಿ, ಭತ್ತ ಬೆಳೆದುಕೊಳ್ಳಲು ಬಿಟ್ಟರು. ಬರ್ಮಾದಿಂದ ಬಂದ ಈ ಕ್ರಮಕ್ಕೆ ‘ತೌಂಗ್ಯಾ’ ಎಂದು ಹೆಸರು.

ಸ್ವಾತಂತ್ರ್ಯ ಬಂದ ಮೇಲೆ ಇದು ನಿಲ್ಲಲಿಲ್ಲ, ಜೋರಾಯಿತು. 1952ರ ಅರಣ್ಯ ನೀತಿ ಅಕ್ಕಪಕ್ಕದ ಹಳ್ಳಿಯ ಬೇಡಿಕೆಗಿಂತ ದೇಶದ ಅಗತ್ಯ ಮುಖ್ಯ ಎಂದಿತು. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ, ಕಡಿಮೆ ಆದಾಯದ ಮಿಶ್ರ ಕಾಡನ್ನು ತೆಗೆದು ಹೆಚ್ಚು ಬೆಲೆಯ ಮರ ಬೆಳೆಸಬೇಕು ಎಂದು ಸಲಹೆ ಕೊಟ್ಟಿತು.

ಸಾಗವಾನಿ ನಮ್ಮ ಕಾಡಿನದೇ ಮರ. ದೋಷ ಮರದಲ್ಲಿಲ್ಲ, ಅದೊಂದನ್ನೇ ನೆಟ್ಟಿದ್ದರಲ್ಲಿದೆ. ಎಲ್ಲ ಮರಕ್ಕೂ ಒಂದೇ ವಯಸ್ಸು, ಒಂದೇ ಎತ್ತರ. ಪೊಟರೆ ಆಗುವಷ್ಟು ವಯಸ್ಸಾಗುವ ಮೊದಲೇ ಕಡಿಯುವ ಸರದಿ ಬರುತ್ತದೆ. ಮಂಗಟ್ಟೆಗೆ, ಸಿಂಗಳೀಕಕ್ಕೆ ತಿನ್ನುವ ಹಣ್ಣು ಅದರಲ್ಲಿಲ್ಲ. ಬೇಸಿಗೆಯಲ್ಲಿ ಎಲ್ಲ ಮರವೂ ಒಟ್ಟಿಗೇ ಎಲೆ ಉದುರಿಸುತ್ತದೆ. ನೆರಳು ಹೋಗಿ ನೆಲ ಒಣಗುತ್ತದೆ, ತರಗೆಲೆಗೆ ಬೆಂಕಿ ಸುಲಭವಾಗಿ ಹತ್ತುತ್ತದೆ. ಬಿಸಿಲು ಬಿದ್ದ ಕಡೆ ಲಂಟಾನ ನುಗ್ಗುತ್ತದೆ.

ಇನ್ನೊಂದು ಮಗ್ಗಲನ್ನೂ ಹೇಳಬೇಕು. ಕಾಡು ಕಡಿದ ಜಾಗದಲ್ಲಿ ಬಿಸಿಲು ಬಿದ್ದು ಮೊದಲ ವರ್ಷಗಳಲ್ಲಿ ಹುಲ್ಲು, ಚಿಗುರು ಹೆಚ್ಚು ಬರುತ್ತದೆ. ಅಲ್ಲಿ ಜಿಂಕೆ, ಕಾಡುಕೋಣ ಮೇಯಲು ಬರುತ್ತವೆ. ಆನೆ ಸಾಗವಾನಿಯ ತೊಗಟೆ ಸುಲಿದು ತಿನ್ನುತ್ತದೆ. ಹಾಗಾಗಿ ಸಾಗವಾನಿ ತೋಪಿನಲ್ಲಿ ಪ್ರಾಣಿಯೇ ಇಲ್ಲ ಎಂದರೆ ಸುಳ್ಳು. ಬಯಲು ಬಯಸುವ ಪ್ರಾಣಿಗೆ ಸ್ವಲ್ಪ ಕಾಲ ಲಾಭವಾಯಿತು. ಹಳೆ ಮರ, ನೆರಳು, ಹಣ್ಣು ಬೇಕಾದ ಜೀವಿಗಳಿಗೆ ಜಾಗ ಹೋಯಿತು. ರಸ್ತೆಯಿಂದ ಜಿಂಕೆ ಕಾಣುತ್ತದೆ. ಇಲ್ಲವಾದ ಹಾರುಬೆಕ್ಕು ಯಾರಿಗೂ ಕಾಣುವುದಿಲ್ಲ.

ಬಿದಿರಿನ ಮುಳ್ಳು

ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಯಿತು. ಅದರ ಮರುವರ್ಷ 1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮ ಘೋಷಣೆಯಾಯಿತು. ಒಂದೇ ಕಾಡಿಗೆ ಒಂದು ವರ್ಷದ ಅಂತರದಲ್ಲಿ ಎರಡು ಕೆಲಸ ಹಚ್ಚಿದ ಹಾಗಾಯಿತು, ಕಾಗದಕ್ಕೆ ಬಿದಿರು ಕೊಡುವುದು ಮತ್ತು ಪ್ರಾಣಿಗೆ ಮನೆಯಾಗಿರುವುದು.

ಕಾಡಿನಲ್ಲಿ ಬಿದಿರು ಮುಗಿಯದಷ್ಟಿದೆ ಎಂದು ಆಗ ನಂಬಿದ್ದರು. ಮಿಲ್ಲಿಗೆ ಬಿದಿರು ಸಿಕ್ಕಿದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡಬೇಕಿತ್ತು. ಬಿದಿರು ಸಿಗುವುದೇ ಕಷ್ಟವಾದಾಗ ಅವರು ದನಿ ಎತ್ತಿದರು. 1970ರ ದಶಕದ ಮಧ್ಯದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಉತ್ತರ ಕನ್ನಡದ ಬಿದಿರಿನ ಅಧ್ಯಯನಕ್ಕೆ ಇಳಿದರು.

ಅಲ್ಲಿ ಅವರಿಗೆ ಸಿಕ್ಕ ಒಂದು ಸಂಗತಿ ನಮಗೆ ಈ ಇಡೀ ಇತಿಹಾಸದಲ್ಲೇ ಮುಖ್ಯ ಅನ್ನಿಸುತ್ತದೆ. ಹೆಬ್ಬಿದಿರಿನ ಹಿಂಡಿಲಿನ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯಂತೆ ಇರುತ್ತವೆ. ಆ ಮುಳ್ಳನ್ನು ಸವರಿ ತೆಗೆದರೆ ಗಳ ಕಡಿಯುವುದೂ ಸುಲಭ, ಹಿಂಡಿಲೂ ಚೆನ್ನಾಗಿ ಬೆಳೆಯುತ್ತದೆ ಎಂಬುದು ಇಲಾಖೆಯ ಕ್ರಮವಾಗಿತ್ತು. ಹಳ್ಳಿಯವರು ಬೇರೆಯದನ್ನು ಹೇಳಿದರು. ಮಳೆಗಾಲದಲ್ಲಿ ಏಳುವ ಕಳಲೆಯನ್ನು ಕಾಯುವುದೇ ಆ ಮುಳ್ಳು. ಅದನ್ನು ತೆಗೆದರೆ ದನ, ಮುಳ್ಳುಹಂದಿ, ಕಾಡುಪ್ರಾಣಿ ಎಲ್ಲ ಬಂದು ಕಳಲೆ ತಿಂದು ಮುಗಿಸುತ್ತವೆ, ಹೊಸ ಗಳ ಬರುವುದಿಲ್ಲ ಎಂದರು. ಅಧ್ಯಯನದಲ್ಲಿ ನಿಜವಾಗಿದ್ದು ಹಳ್ಳಿಯವರ ಮಾತು. ಮುಳ್ಳು ಸವರಿದ ಹಿಂಡಿಲುಗಳು ಸೊರಗಿದ್ದವು.

ಬಿದಿರು ಆನೆಗೆ, ಕಾಡುಕೋಣಕ್ಕೆ ಮೇವು. ಅದರ ಪೊದೆ ಕಾಡುಕೋಳಿಗೆ, ಸಣ್ಣಪುಟ್ಟ ಪ್ರಾಣಿಗೆ ಅಡಗುತಾಣ. ಹೆಬ್ಬಿದಿರು ನಲವತ್ತು ವರ್ಷ ದಾಟಿದ ಮೇಲೆ ಒಮ್ಮೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. ಹುಟ್ಟಿದ ಸಸಿಗೆ ಬೆಂಕಿ, ಮೇವು ತಾಗದೆ ಹೋದರೆ ಮತ್ತೆ ಹಿಂಡಿಲು ಕಟ್ಟುತ್ತದೆ. ಅಷ್ಟು ನಿಧಾನದ ಗಿಡವನ್ನು ಯಂತ್ರದ ಹಸಿವಿಗೆ ಕಟ್ಟಿದ್ದರಿಂದ ಹತ್ತಿರದ ಕಾಡಿನ ಬಿದಿರು ಸಾಲದೆ ಬಂತು, ಹೊರ ರಾಜ್ಯಗಳಿಂದ ತರಿಸುವ ಕಾಲ ಬಂತು.

ನೀಲಗಿರಿ, ಅಕೇಶಿಯಾ

ಬಿದಿರಿನ ಬದಲಿಗೆ ನೀಲಗಿರಿ ಎಂದಾಯಿತು. ಮಲೆನಾಡಿನಲ್ಲಿ ಹಲವು ಕಡೆ ಕಾಡು ಕಡಿದು ನೀಲಗಿರಿ ನೆಟ್ಟರು. ಮಳೆ ಹೆಚ್ಚಿರುವ ಜಾಗದಲ್ಲಿ ‘ಪಿಂಕ್ ರೋಗ’ ಎಂಬ ಶಿಲೀಂಧ್ರ ರೋಗ ತಗುಲಿ ಅದು ಕೈಕೊಟ್ಟಿತು. ಕಾಡೂ ಹೋಯಿತು, ನೀಲಗಿರಿಯೂ ನಿಲ್ಲಲಿಲ್ಲ. ಆಮೇಲೆ ಅಕೇಶಿಯಾ ಬಂತು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಸೌದೆಗೆ ಆಗುತ್ತದೆ. ಬೋಳಾಗಿದ್ದ ಗುಡ್ಡಕ್ಕೆ ಹಸಿರು ತಂದು, ಸೌದೆಗಾಗಿ ಕಾಡಿಗೆ ಹೋಗುವುದನ್ನು ಅದು ತಕ್ಕಮಟ್ಟಿಗೆ ತಗ್ಗಿಸಿದ್ದೂ ಹೌದು. ಆದರೆ ಅದರ ಕೆಳಗೆ ಬೇರೆ ಗಿಡ ಏಳುವುದು ಕಡಿಮೆ. ತಿನ್ನುವ ಹಣ್ಣಿಲ್ಲ, ಮೇಯುವ ಸೊಪ್ಪಿಲ್ಲ. ಪೊಟರೆಯ ಮಾತಂತೂ ಇಲ್ಲವೇ ಇಲ್ಲ.

1983, ಸಾಲ್ಕಣಿ

ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಜನ 1983ರ ಸೆಪ್ಟೆಂಬರ್ 8ರಂದು ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತಾದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ. ಅದಕ್ಕೆ ಸ್ವಲ್ಪ ಮೊದಲು ಚಿಪ್ಕೋದ ಸುಂದರಲಾಲ್ ಬಹುಗುಣ ಈ ಕಡೆ ಬಂದು ಹೋಗಿದ್ದರು. ಪಾಂಡುರಂಗ ಹೆಗಡೆಯವರು ಚಳವಳಿಯ ಮುಂದಾಳಾಗಿದ್ದರು. ‘ಉಳಿಸು, ಬೆಳೆಸು, ಬಳಸು’ ಎಂಬುದು ಅವರ ಮಾತಾಯಿತು.

ಅಲ್ಲಿ ನಡೆಯುತ್ತಿದ್ದದ್ದು ಇಡೀ ಕಾಡು ಬೋಳಿಸುವ ಕಡಿತವಲ್ಲ. ಆಯ್ದ ದೊಡ್ಡ ಮರಗಳನ್ನು ಮಾತ್ರ ತೆಗೆಯುವ ಪದ್ಧತಿ. ಕಾಗದದ ಮೇಲೆ ಇದು ಮೃದುವಾದ ಕ್ರಮ. ಜನ ಎತ್ತಿದ ಪ್ರಶ್ನೆ ಇದು: ಒಂದು ಮರ ಕಡಿದರೆ ನಿಜಕ್ಕೂ ಎಷ್ಟು ಮರ ಹೋಗುತ್ತದೆ? ನಿತ್ಯಹಸಿರು ಕಾಡಿನಲ್ಲಿ ದೊಡ್ಡ ಮರ ಒಂದೇ ಬೀಳುವುದಿಲ್ಲ. ಬಳ್ಳಿ ಸುತ್ತಿಕೊಂಡ ಪಕ್ಕದ ಮರವನ್ನು ಎಳೆಯುತ್ತದೆ, ಬಿದ್ದ ಜಾಗದ ಎಳೆ ಮರಗಳನ್ನು ಜಜ್ಜುತ್ತದೆ. ದಿಮ್ಮಿ ಎಳೆಯಲು ಹಾದಿ ಬೇಕು, ಲಾರಿಗೆ ರಸ್ತೆ ಬೇಕು. ಇಳಿಜಾರಿನ ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಗುರುತು ಬಿದ್ದ ಮರಕ್ಕೆ ಲೆಕ್ಕವಿದೆ, ಉಳಿದದ್ದಕ್ಕಿಲ್ಲ.

ಇದರ ಪೆಟ್ಟು ತಿಳಿಯಲು ಸಿಂಗಳೀಕವನ್ನು ನೋಡಿದರೆ ಸಾಕು. ಸಿದ್ದಾಪುರ, ಹೊನ್ನಾವರ ಕಡೆಯ ಕತ್ತಲೆಕಾನಿನಂಥ ಕಾಡಿನಲ್ಲಿ ಅದು ಬದುಕಿದೆ. ಅದು ಬಹುಪಾಲು ನೆಲಕ್ಕಿಳಿಯದೆ, ಮರದಿಂದ ಮರಕ್ಕೆ ತುದಿಯಲ್ಲೇ ಓಡಾಡುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗದಿದ್ದರೆ ಅದರ ದಾರಿ ಕಡಿದ ಹಾಗೆ. ನಾವು ಕೊಯ್ಯುವ ಉಪ್ಪಾಗೆಯನ್ನು ಅದೂ ತಿನ್ನುತ್ತದೆ. ನಾಲ್ಕು ದೊಡ್ಡ ಮರ ಹೋದರೆ ಕಾಡು ಕಾಡಾಗಿಯೇ ಕಾಣಬಹುದು, ಸಿಂಗಳೀಕಕ್ಕೆ ಅದು ಎರಡು ತುಂಡು. ಮೇಲಿನ ಮುಚ್ಚಿಗೆ ತೆರೆದರೆ ಕೆಳಗಿನ ರಾಮಪತ್ರೆ ಜಡ್ಡಿಗೂ ಬಿಸಿಲು ಬೀಳುತ್ತದೆ. ಸದಾ ತೇವ ಬೇಡುವ ಅಲ್ಲಿನ ಮರ, ಕಪ್ಪೆಗಳಿಗೆ ಅದು ತಡೆಯುವುದಿಲ್ಲ.

ಚಳವಳಿ ಒಂದು ಕೂಪಿನಿಂದ ಇನ್ನೊಂದಕ್ಕೆ ಹಬ್ಬಿತು. ಮುಂದೆ ಪಶ್ಚಿಮ ಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನ ಮೊದಲ ಕೆಲಸ ಪರಿಸರದ ಸಮತೋಲ, ಆದಾಯ ಆಮೇಲೆ ಎಂದಿತು. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರ ಜೊತೆ ಸೇರಿ ಬೆಳೆಸಿಕೊಳ್ಳಲಿ ಎಂದಿತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಕೇಂದ್ರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ ಎಂದು ಆದೇಶಿಸಿತು.

ಒಣ ಮರದ ಪಾಳಿ

ಹಸಿ ಮರ ಕಡಿತ ನಿಂತರೂ ಪೊಟರೆಯ ಕಷ್ಟ ತೀರಲಿಲ್ಲ. ಸತ್ತ ಮರ, ಗಾಳಿಗೆ ಬಿದ್ದ ಮರಗಳನ್ನು ತೆಗೆದು ಡಿಪೋಗೆ ಸಾಗಿಸುವುದು ಮುಂದುವರಿಯಿತು. ಸತ್ತ ಮರ ಯಾರಿಗೆ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಮರಕುಟಿಗ ಕೊರೆಯುವುದು ಹೆಚ್ಚಾಗಿ ಮೆತ್ತಗಾದ ಅಂಥ ಮರವನ್ನೇ. ಅದು ಬಿಟ್ಟ ತೂತಿಗೆ ಗಿಣಿ, ಗೊರವಂಕ, ಗೂಬೆ ಬರುತ್ತವೆ. ಬಿದ್ದ ದಿಮ್ಮಿಯ ಕೆಳಗೆ ಹುಳ, ಹಾವು, ಕಪ್ಪೆ. ಕೊಳೆತ ಮೇಲೆ ಅದೇ ಮುಂದಿನ ಸಸಿಗೆ ಗೊಬ್ಬರ.

2000ದ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಇದಕ್ಕೂ ತಡೆ ಹಾಕಿತು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳೊಳಗಿಂದ ಸತ್ತ, ರೋಗ ಬಂದ, ಸಾಯುತ್ತಿರುವ ಅಥವಾ ಗಾಳಿಗೆ ಬಿದ್ದ ಮರವನ್ನೂ ತೆಗೆಯಬಾರದು ಎಂದಿತು. ನೂರಕ್ಕೂ ಹೆಚ್ಚು ವರ್ಷ ‘ಮುದುಕ ಮರ’ ಎಂದು ಮೊದಲು ತೆಗೆಯುತ್ತಿದ್ದದ್ದನ್ನು ಮುಟ್ಟಬೇಡಿ ಎಂದು ಹೇಳಿದ ಹಾಗಾಯಿತು.

ದಾಂಡೇಲಿ, ಅಣಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂದು ಹೆಸರು ಬಂತು. 2011ರಲ್ಲಿ ದಾಂಡೇಲಿ ಭಾಗದಲ್ಲಿ ಮಂಗಟ್ಟೆಗಾಗಿಯೇ ಒಂದು, ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕಾಗಿ ಇನ್ನೊಂದು ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಒಂದು ಕಾಲದಲ್ಲಿ ನಾಟಾ ಡಿಪೋದಿಂದ ಹೆಸರಾಗಿದ್ದ ದಾಂಡೇಲಿಗೆ ಈಗ ಜನ ಮಂಗಟ್ಟೆ ನೋಡಲೆಂದು ಬರುತ್ತಾರೆ. ನಮ್ಮ ದೇಶದ ನಾಲ್ಕು ಬಗೆಯ ಮಂಗಟ್ಟೆಗಳು ಅಲ್ಲಿ ಕಾಣಸಿಗುತ್ತವೆ.

ಈಗ ಮಾತು ನಮ್ಮ ಬೆಟ್ಟದ್ದು

ಅಭಯಾರಣ್ಯದ ಒಳಗೆ ಕೋರ್ಟಿನ ಆದೇಶ ಇದೆ. ಆದರೆ ಕಾಡೆಲ್ಲ ಅಭಯಾರಣ್ಯವಲ್ಲ. ಸೊಪ್ಪಿನ ಬೆಟ್ಟ, ಕಾನು, ದೇವರಕಾಡು, ಊರ ಪಕ್ಕದ ಅಕೇಶಿಯಾ ತೋಪು ಇವೆಲ್ಲ ಹೊರಗಿವೆ. ಮಂಗಟ್ಟೆಗೆ ಗಡಿಕಲ್ಲು ಗೊತ್ತಿಲ್ಲ, ಹಣ್ಣು ಹುಡುಕಿಕೊಂಡು ಅಲ್ಲಿಗೂ ಬರುತ್ತದೆ.

1993ರಿಂದ ನಮ್ಮ ರಾಜ್ಯದಲ್ಲಿ ಗ್ರಾಮ ಅರಣ್ಯ ಸಮಿತಿಗಳಿವೆ. ತೋಪು ಕಟಾವಾದಾಗ ಅವಕ್ಕೂ ಪಾಲು ಇದೆ. ಆ ಹಣ ಊರಿಗೆ ಬೇಕು, ಬೇಡ ಎನ್ನುವುದು ನಮ್ಮ ಮಾತಲ್ಲ. ಕಟಾವಿಗೆ ಮೊದಲು ಸಭೆಯಲ್ಲಿ ಕೆಲವು ಪ್ರಶ್ನೆ ಕೇಳಬಹುದು. ತೋಪಿನ ನಡುವೆ ತಾನಾಗಿ ಎದ್ದ ಮತ್ತಿ, ತಾರೆ, ಆಲ, ಉಪ್ಪಾಗೆಗಳನ್ನು ಬಿಡುತ್ತಾರೆಯೇ? ಹಳ್ಳದ ಎರಡೂ ಬದಿ ಮುಟ್ಟದೆ ಇರುತ್ತಾರೆಯೇ? ಇಡೀ ಗುಡ್ಡವನ್ನು ಒಂದೇ ವರ್ಷ ಬೋಳಿಸುತ್ತಾರೋ, ಭಾಗ ಮಾಡಿ ಕಡಿಯುತ್ತಾರೋ? ಕಡಿದ ಜಾಗಕ್ಕೆ ಮತ್ತೆ ಅಕೇಶಿಯಾವೋ, ಕಾಡಿನ ಜಾತಿಯೋ?

ಇನ್ನೊಂದು ಕೆಲಸಕ್ಕೆ ಹಣವೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಯ ಪುಸ್ತಕ ತೆರೆಸಿ ನೋಡಿ. ಎಷ್ಟು ಜಾತಿ ಮರ ಇದೆ ಎಂದು ಬರೆದಿರಬಹುದು. ಪೊಟರೆ ಇರುವ ಮರ ಎಲ್ಲಿದೆ, ಅದರಲ್ಲಿ ಯಾವ ಹಕ್ಕಿ ಕೂರುತ್ತದೆ, ತುಡುವೆ ಎಲ್ಲಿದೆ ಎಂದು ಬರೆದಿದೆಯೇ? ಇಲ್ಲದಿದ್ದರೆ ಬರೆಸಿ. ಅದನ್ನು ಹೇಳಬಲ್ಲವರು ನಿಮ್ಮೂರಿನಲ್ಲೇ ಇದ್ದಾರೆ: ಜೇನು ತೆಗೆಯುವವರು, ಉಪ್ಪಾಗೆ ಕೊಯ್ಯುವವರು, ದನ ಕಾಯುವವರು, ಬುಟ್ಟಿ ಹೆಣೆಯುವವರು. ಬಿದಿರಿನ ಮುಳ್ಳಿನ ವಿಷಯ ವರ್ಕಿಂಗ್ ಪ್ಲಾನಿಗಿಂತ ಮೊದಲು ಗೊತ್ತಿದ್ದದ್ದೂ ಇಂಥವರಿಗೇ.

ಇವತ್ತು ನೆಟ್ಟ ಸಸಿಯಲ್ಲಿ ಮಂಗಟ್ಟೆ ಕೂರುವಂಥ ಪೊಟರೆ ಆಗಲು ನಮ್ಮ ಮೊಮ್ಮಕ್ಕಳ ಕಾಲ ಬರಬೇಕು. ಅಲ್ಲಿಯವರೆಗೆ ಹಕ್ಕಿಗೆ ಇರುವುದು ಈಗ ನಿಂತಿರುವ ಹಳೆ ಮರಗಳು ಮಾತ್ರ. ಮುಂದಿನ ಸಭೆಯಲ್ಲಿ ‘ಅದು ಟೊಳ್ಳು ಮರ, ಕಡಿದರೆ ಏನಾಯ್ತು’ ಎಂದು ಯಾರಾದರೂ ಹೇಳಿದರೆ, ಅದರೊಳಗೆ ಯಾರಿದ್ದಾರೆ ಎಂದು ಮೊದಲು ಕೇಳಿ.